ಹಳೇ ಗೇಮಿಂಗ್ ಪಿಸಿ: ಅಪ್‌ಗ್ರೇಡ್ ಮಾಡೋದಾ, ಹೊಸದು ತಗೊಳ್ಳೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

2017ರ ದೀಪಾವಳಿಗೆ ನಾನೊಂದು ಗೇಮಿಂಗ್ ಪಿಸಿ ಜೋಡಿಸಿಕೊಂಡೆ. ಐ5-7400 ಪ್ರೊಸೆಸರ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸುವ ಭಾಗ, ಮುಂದೆ ಬರೀ ಕಾರ್ಡ್ ಅಂದರೆ ಇದೇ), 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆಗಿನಿಂದ ನೆಂಟರ ಮನೆ ಪಿಸಿಗಳಿಗೆಲ್ಲ ನಾನೇ ವೈದ್ಯ. ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಇಡೀ ಡಬ್ಬಕ್ಕೇ ಸಿಪಿಯು ಅನ್ನುವ ರೂಢಿ ಇದೆ. ಇಲ್ಲಿ ಡಬ್ಬ ಅಂದರೆ ಕ್ಯಾಬಿನೆಟ್, ಒಳಗಿನ ಮುಖ್ಯ ಚಿಪ್ ಅಂದರೆ ಪ್ರೊಸೆಸರ್, ಬೋರ್ಡ್ ಅಂದರೆ ಎಲ್ಲ ಭಾಗಗಳನ್ನು ಕೂರಿಸುವ ಮದರ್‌ಬೋರ್ಡ್.

ಪಿಸಿಗೆ ಎಂಟು ವರ್ಷ ಆಯ್ತು. ಇನ್ನು ಬದಲಾಯಿಸಲೇಬೇಕಾ?

ವಯಸ್ಸು ನೋಡಬೇಡಿ, ನೀವು ಆಡುವ ಆಟ ನೋಡಿ. ವ್ಯಾಲರಂಟ್, ಜಿಟಿಎ 5, ಆಗಾಗ ಕೌಂಟರ್ ಸ್ಟ್ರೈಕ್ 2, ಇಷ್ಟೇ ಆಡುವುದಾದರೆ 2017ರ ಒಳ್ಳೆ ಪಿಸಿ ಇವತ್ತಿಗೂ ಸಾಕು. ಸೆಟ್ಟಿಂಗ್ ಸ್ವಲ್ಪ ಇಳಿಸಬೇಕಾಗಬಹುದು, ಅಷ್ಟೇ.

ಆದರೆ ಕೆಲವು ಹೊಸ ಆಟಗಳು ಹೊಸಿಲು ದಾಟುವುದಕ್ಕೇ ಬಿಡುವುದಿಲ್ಲ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್, 2025ರ ಮೇ ತಿಂಗಳಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್, ಎರಡಕ್ಕೂ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದ ಹಾಗೆ ಲೆಕ್ಕ ಹಾಕುವ ಸೌಲಭ್ಯ) ಇರುವ ಕಾರ್ಡೇ ಬೇಕು. ಜಿಟಿಎಕ್ಸ್ 1060 ಹಾಗಿರಲಿ, ಅದರ ದೊಡ್ಡಣ್ಣ 1080 ಟಿಐ ಇದ್ದರೂ ನಡೆಯುವುದಿಲ್ಲ. ಇಲ್ಲಿ ಸೆಟ್ಟಿಂಗ್ ಇಳಿಸುವ ಮಾತೇ ಬರುವುದಿಲ್ಲ.

ನಾನು ಎಲ್ಲರಿಗೂ ಹೇಳುವುದು ಇದು. ಒಂದು ಚೀಟಿಯಲ್ಲಿ ಕಳೆದ ಮೂರು ತಿಂಗಳಲ್ಲಿ ನಿಜವಾಗಿ ಆಡಿದ ಆಟಗಳನ್ನು ಬರೆಯಿರಿ. ಎಷ್ಟು ಗಂಟೆ ಆಡಿದ್ದೀರಿ ಅಂತ ಆಟ ಕೊಳ್ಳುವ ಸ್ಟೀಮ್ ತಂತ್ರಾಂಶ ತೋರಿಸುತ್ತದೆ. ಪಕ್ಕದಲ್ಲಿ, ಪಿಸಿ ಸರಿ ಇಲ್ಲ ಅನ್ನುವ ಕಾರಣಕ್ಕೇ ಬಿಟ್ಟ ಆಟಗಳನ್ನು ಬರೆಯಿರಿ. ಎರಡನೇ ಪಟ್ಟಿ ಖಾಲಿ ಇದ್ದರೆ ಇಲ್ಲಿಗೆ ಓದುವುದು ನಿಲ್ಲಿಸಿ, ಹೋಗಿ ಆಟ ಆಡಿ.

ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಯಾವುದಕ್ಕೂ ಬೇಡ. ಮೊದಲು ಸ್ಕ್ರೂ ಡ್ರೈವರ್ ತಗೊಳ್ಳಿ.

ಸಾಗರದಲ್ಲಿರುವ ಅಕ್ಕನ ಮಗ ಒಮ್ಮೆ ಫೋನ್ ಮಾಡಿದ್ದ. "ಮಾಮ, ಗೇಮ್ ಶುರುವಾಗಿ ಹತ್ತು ನಿಮಿಷ ಚೆನ್ನಾಗಿರುತ್ತೆ. ಆಮೇಲೆ ಎತ್ತಿನ ಗಾಡಿ. ಹೊಸ ಕಾರ್ಡ್ ಹಾಕ್ಬೇಕು ಅಲ್ವಾ?" ಶುರುವಿನಲ್ಲಿ ಚೆನ್ನಾಗಿದ್ದು ಆಮೇಲೆ ಎಳೆಯುತ್ತದೆ ಅಂದರೆ ನನಗೆ ಮೊದಲು ಬರುವ ಅನುಮಾನ ಬಿಸಿಯ ಮೇಲೆ. ಹಬ್ಬಕ್ಕೆ ಹೋದಾಗ ಪಕ್ಕದ ಬಾಗಿಲು ಬಿಚ್ಚಿದೆ. ಪ್ರೊಸೆಸರ್ ಕೂಲರಿನ ರೆಕ್ಕೆಗಳ ನಡುವೆ ಗಾಳಿ ಹೋಗಲು ಜಾಗವೇ ಇರಲಿಲ್ಲ. ಧೂಳು ಕಂಬಳಿ ತುಂಡಿನ ಹಾಗೆ ಒಂದೇ ಪದರವಾಗಿ ಎದ್ದು ಬಂತು. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಮೇಲ್ಗಡೆ ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಒಂದು ಒಡೆದು ಬರೀ ಚಿಪ್ಪಾಗಿತ್ತು. ಮರಿ ಬೆಚ್ಚಗೆ ಬೆಳೆದು ಹೋಗಿರಬೇಕು.

ಬಿಚ್ಚುವ ಮುಂಚೆ ಪ್ರೊಸೆಸರ್ 98 ಡಿಗ್ರಿ ತೋರಿಸುತ್ತಿತ್ತು. ಇಂಟೆಲ್ ಪ್ರೊಸೆಸರುಗಳು 100 ಡಿಗ್ರಿ ಆಸುಪಾಸು ಬಂದಾಗ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ, ಸುಟ್ಟುಹೋಗಬಾರದು ಅಂತ. ಧೂಳು ತೆಗೆದು, ಒಣಗಿ ಸುಣ್ಣದ ಹಾಗಾಗಿದ್ದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಒರೆಸಿ ಹೊಸದು ಹಚ್ಚಿದೆ. ಅದೇ ಆಟ, ಅದೇ ಕೋಣೆ, 74 ಡಿಗ್ರಿ. ಖರ್ಚು ಒಂದು ಚಿಕ್ಕ ಟ್ಯೂಬಿನದ್ದು. ಮೊಟ್ಟೆ ಇದ್ದ ಜಾಗ ನೋಡಿ ಅಕ್ಕ ಮಾತ್ರ ಆ ಡಬ್ಬವನ್ನು ವಾರ ಪೂರ್ತಿ ಮುಟ್ಟಲಿಲ್ಲ.

ನೀವೇ ಮಾಡುವುದಾದರೆ ವೈರ್ ಕಿತ್ತು, ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿಯಿರಿ. ಡಬ್ಬವನ್ನು ಜಗುಲಿಗೋ ಬಾಲ್ಕನಿಗೋ ತನ್ನಿ. ಮೆತ್ತನೆ ಬ್ರಷ್, ಬ್ಲೋವರ್ ಸಾಕು. ಗಾಳಿ ಬಿಡುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ವಿಪರೀತ ವೇಗವಾಗಿ ತಿರುಗಿ ಬೇರಿಂಗ್ ಹೋಗುತ್ತದೆ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ. ಪೇಸ್ಟ್ ಬಟಾಣಿ ಕಾಳಿಗಿಂತ ಚಿಕ್ಕದಾಗಿ ಹಾಕಿದರೆ ಸಾಕು, ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಬೇಡ. ಮಂಗಳೂರು, ಉಡುಪಿ ಕಡೆಯವರು ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ ನೋಡಿ. ಉಪ್ಪು ಗಾಳಿಗೆ ಅಲ್ಲಿ ಪೊರೆ ಕಟ್ಟುತ್ತದೆ. "ಆನ್ ಆಗುತ್ತೆ, ಸ್ಕ್ರೀನ್ ಬರಲ್ಲ" ಅನ್ನುವ ಎಷ್ಟೋ ಪಿಸಿಗಳು ಇಷ್ಟಕ್ಕೇ ಎದ್ದು ಕೂತಿವೆ.

ಸ್ವಚ್ಛ ಮಾಡಿದ್ದಾಯ್ತು, ಆದರೂ ಎಳೆಯುತ್ತೆ. ಯಾವ ಭಾಗ ಸೋತಿದೆ ಅಂತ ಹೇಗೆ ಗೊತ್ತಾಗೋದು?

ಇದು ಗೊತ್ತಾಗದೆ ದುಡ್ಡು ಬಿಚ್ಚಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಬೇರೆ ಕಂಪನಿಯ ಕಾರ್ಡ್ ಇದ್ದರೂ ಕೆಲಸ ಮಾಡುತ್ತದೆ. ಆಟದ ಮೂಲೆಯಲ್ಲಿ ಅಂಕಿಗಳು ಕಾಣುವ ಹಾಗೆ ಇಟ್ಟುಕೊಳ್ಳಿ: ಕಾರ್ಡ್ ಎಷ್ಟು ಶೇಕಡ ದುಡಿಯುತ್ತಿದೆ, ಪ್ರೊಸೆಸರಿನ ಒಂದೊಂದು ಕೋರ್ (ಒಳಗೆ ದುಡಿಯುವ ಘಟಕ) ಎಷ್ಟು, ರ‍್ಯಾಮ್ ಎಷ್ಟು ತುಂಬಿದೆ, ಕಾರ್ಡಿನ ಮೆಮೊರಿ ಎಷ್ಟು ತುಂಬಿದೆ. ನಿಮಗೆ ತೊಂದರೆ ಕೊಡುವ ಜಾಗದಲ್ಲೇ ಅರ್ಧ ಗಂಟೆ ಆಡಿ. ಮೆನುವಿನಲ್ಲಿ ನಿಂತು ಅಂಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಕಾರ್ಡ್ ಸದಾ 95ರಿಂದ 99 ಶೇಕಡ ಇದ್ದು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕಡಿಮೆ ಇದ್ದರೆ, ಕಾರ್ಡೇ ಸೋತಿದೆ. ಕಾರ್ಡ್ 60 ಶೇಕಡಕ್ಕೆ ಇಳಿದು ಒಂದೆರಡು ಕೋರ್ 100 ತೋರಿಸುತ್ತಿದ್ದರೆ, ಪ್ರೊಸೆಸರ್ ಸೋತಿದೆ, ಕಾರ್ಡ್ ಸುಮ್ನೆ ಕಾಯುತ್ತಾ ಕೂತಿದೆ. ಇನ್ನೂ ಅನುಮಾನ ಇದ್ದರೆ ರೆಸಲ್ಯೂಶನ್ನನ್ನು 1080ಪಿಯಿಂದ 720ಪಿಗೆ ಇಳಿಸಿ. ಎಫ್‌ಪಿಎಸ್ ಜಿಗಿದರೆ ಭಾರ ಕಾರ್ಡಿನ ಮೇಲಿತ್ತು. ಇದ್ದಲ್ಲೇ ಇದ್ದರೆ ಪ್ರೊಸೆಸರಿನ ಮೇಲಿತ್ತು. ಇಷ್ಟು ಸರಳವಾದ ಪರೀಕ್ಷೆ ಮಾಡದೆ ಜನ ಕಾರ್ಡಿಗೆ ಸಾವಿರಾರು ರೂಪಾಯಿ ಸುರಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನನ್ನ 7400 ಹೀಗೇ ಸಿಕ್ಕಿಬಿದ್ದಿದ್ದು. ಅದಕ್ಕೆ ನಾಲ್ಕೇ ಕೋರ್, ನಾಲ್ಕೇ ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ಬಯಲಿನಲ್ಲಿ ಓಡಾಡುವಾಗ ಆಟ ಚೆನ್ನಾಗೇ ಇರುತ್ತಿತ್ತು. ಊರೊಳಗೆ, ಜನಜಂಗುಳಿಗೆ ಬಂದರೆ ನಾಲ್ಕೂ ಕೋರ್ 100, ಕಾರ್ಡ್ 55. ನಾನು ಅದಕ್ಕೂ ಆರು ತಿಂಗಳ ಹಿಂದಿನಿಂದ ಕಾರ್ಡಿಗಂತ ದುಡ್ಡು ಕೂಡಿಡುತ್ತಿದ್ದೆ.

ಇನ್ನೊಂದು ವಿಷಯ. ಸರಾಸರಿ ಎಫ್‌ಪಿಎಸ್ 70 ಇದ್ದೂ ಆಟ ಕುಲುಕುತ್ತದೆ ಅಂದರೆ "1 ಶೇಕಡ ಲೋ" ಅನ್ನುವ ಅಂಕಿ, ಅಂದರೆ ಅತಿ ನಿಧಾನದ 1 ಶೇಕಡ ಹೊತ್ತಿನ ಎಫ್‌ಪಿಎಸ್, ನೋಡಿ. ಅದು 20ಕ್ಕೆ ಬೀಳುತ್ತಿದ್ದರೆ ಕಣ್ಣಿಗೆ ಕಾಣುವುದು ಅದೇ. ಕಾರಣ ಸಾಮಾನ್ಯವಾಗಿ ಪ್ರೊಸೆಸರ್, ರ‍್ಯಾಮ್ ಅಥವಾ ಹಾರ್ಡ್ ಡಿಸ್ಕ್.

ಎರಡು ಭಾಗದ ಹೆಸರು ಹಾಕಿದರೆ "ಬಾಟಲ್‌ನೆಕ್ 23 ಶೇಕಡ" (ಒಂದು ಭಾಗ ಇನ್ನೊಂದನ್ನು ತಡೆದು ನಿಲ್ಲಿಸುವುದು) ಅಂತ ಹೇಳುವ ಕ್ಯಾಲ್ಕುಲೇಟರುಗಳು?

ನಂಬಬೇಡಿ. ಅದಕ್ಕೆ ನಿಮ್ಮ ಆಟವೂ ಗೊತ್ತಿಲ್ಲ, ಸೆಟ್ಟಿಂಗೂ ಗೊತ್ತಿಲ್ಲ.

8 ಜಿಬಿ ರ‍್ಯಾಮ್ ಇದೆ. 16 ಮಾಡಲಾ?

ಹೊಸ ಆಟ ಆಡುವವರಾದರೆ ಹೌದು. 8 ಜಿಬಿಯಲ್ಲಿ ವಿಂಡೋಸ್, ಬ್ರೌಸರ್, ಡಿಸ್ಕಾರ್ಡ್ ಕಳೆದರೆ ಆಟಕ್ಕೆ ಉಳಿಯುವುದು ಸ್ವಲ್ಪವೇ. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನು ರ‍್ಯಾಮ್ ಥರ ಬಳಸಲು ಹೋಗುತ್ತದೆ. ಆಗಲೇ ಆಟ ಕುಲುಕುವುದು.

ರ‍್ಯಾಮಿನ ಒಂದೇ ಪಟ್ಟಿ ಹಾಕಿದ್ದರೆ ಎರಡು ಮಾಡಿ. ಎರಡಿದ್ದರೆ ಎರಡು ದಾರಿಯಲ್ಲಿ ಮಾಹಿತಿ ಓಡುತ್ತದೆ, ಪ್ರೊಸೆಸರ್ ಕಡೆಯ ಎಳೆತ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಅಕ್ಕಪಕ್ಕ ಹಾಕಿ "ಏನೂ ವ್ಯತ್ಯಾಸ ಆಗ್ಲಿಲ್ಲ" ಅಂದವರನ್ನು ಬೇಕಾದಷ್ಟು ನೋಡಿದ್ದೇನೆ. 3200 ಅಂತ ಬರೆದ ರ‍್ಯಾಮ್ ಕೊಂಡಿದ್ದರೆ ಬಯಾಸಿನಲ್ಲಿ (ಪಿಸಿ ಆನ್ ಆಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಎಕ್ಸ್‌ಎಂಪಿ ಅನ್ನುವ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಿದ್ದೀರಾ ಅಂತಲೂ ನೋಡಿ. ಮಾಡದಿದ್ದರೆ ಅದು 2133ಕ್ಕೋ 2400ಕ್ಕೋ ಓಡುತ್ತಿರುತ್ತದೆ. ದುಡ್ಡು ಕೊಟ್ಟು ತಂದ ವೇಗ ಡಬ್ಬದಲ್ಲೇ ಮಲಗಿರುತ್ತದೆ.

ಬೇಸರದ ಸಂಗತಿ ಅಂದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಕೈಗೆ ಸಿಗದಷ್ಟು ಏರಿದೆ. ಮೆಮೊರಿ ಚಿಪ್‌ಗಳೆಲ್ಲ ಎಐ ಡೇಟಾ ಸೆಂಟರುಗಳ ಕಡೆ ಹೋಗುತ್ತಿವೆ. ಕ್ರೂಶಿಯಲ್ ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹಾಗಾಗಿ ನಿಮ್ಮ ಹತ್ತಿರ ಇರುವ ಹಳೆ ಡಿಡಿಆರ್4 (ಹಿಂದಿನ ತಲೆಮಾರಿನ ರ‍್ಯಾಮ್) ಪಟ್ಟಿಗಳನ್ನು ಹಗುರವಾಗಿ ನೋಡಬೇಡಿ. ಕೆಳಗೆ ಮತ್ತೆ ಅವುಗಳ ಮಾತು ಬರುತ್ತದೆ.

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಎಫ್‌ಪಿಎಸ್ ಜಾಸ್ತಿ ಆಗುತ್ತಾ?

ಆಗುವುದಿಲ್ಲ. ಆದರೂ ಹಾಕಿ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ ಇರುವ ವೇಗದ ಡಿಸ್ಕ್. ವಿಂಡೋಸ್ ಎದ್ದೇಳುವುದು, ಆಟ ತೆರೆದುಕೊಳ್ಳುವುದು, ಹೊಸ ಜಾಗಕ್ಕೆ ಕಾಲಿಟ್ಟಾಗ ಒಂದು ಕ್ಷಣ ನಿಂತುಹೋಗುವುದು, ಇವೆಲ್ಲ ಸುಧಾರಿಸುತ್ತವೆ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್ ಕನಿಷ್ಠ ಅಗತ್ಯದಲ್ಲೇ ಎಸ್‌ಎಸ್‌ಡಿ ಬೇಕು ಅಂದಿತು. ಅದೇ ವರ್ಷ ಸೈಬರ್‌ಪಂಕ್ 2077 ಕೂಡ ತನ್ನ ಪಟ್ಟಿಯಿಂದ ಹಾರ್ಡ್ ಡಿಸ್ಕ್ ತೆಗೆದುಹಾಕಿತು.

ಹಳೆ ಬೋರ್ಡಿಗೆ ಸಾಟಾ (ಹಾರ್ಡ್ ಡಿಸ್ಕಿನ ಥರದ್ದೇ ಕೇಬಲ್ ಹಾಕುವ) ಎಸ್‌ಎಸ್‌ಡಿ ಆದರೂ ಸಾಕು. ಬೋರ್ಡಿನಲ್ಲೇ ಚಪ್ಪಟೆ ಎಸ್‌ಎಸ್‌ಡಿ ಚುಚ್ಚುವ ಎಂ.2 ಸ್ಲಾಟ್ ಇದ್ದರೆ ಅದು ಇನ್ನೂ ವೇಗದ ಎನ್‌ವಿಎಂಇ ಮಾದರಿ ತಗೊಳ್ಳುತ್ತದಾ ಅಥವಾ ಬರೀ ಸಾಟಾವಾ ಅಂತ ಬೋರ್ಡಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ನೋಡಲು ಎರಡೂ ಒಂದೇ ಥರ ಇರುತ್ತವೆ. ಹಳೆ ಹಾರ್ಡ್ ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಒಮ್ಮೆ ಪರೀಕ್ಷಿಸಿ. ಹಳದಿ ತೋರಿಸಿದರೆ ಮನೆಯ ಫೋಟೋಗಳನ್ನು ಇವತ್ತೇ ಬೇರೆ ಕಡೆ ಹಾಕಿ. ಆಟದ ಚಿಂತೆ ನಾಳೆ.

ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಬದಲಿಸಿದರೆ ಸಾಕಾ?

ಮೇಲಿನ ಪರೀಕ್ಷೆಯಲ್ಲಿ ಕಾರ್ಡೇ ಸೋತಿದ್ದರೆ ಸಾಕು. ಆದರೆ ಮೂಗಿಗಿಂತ ಮೂಗುತಿ ಭಾರ ಆಗಬಾರದು. ನಾಲ್ಕು ಕೋರಿನ ಪ್ರೊಸೆಸರಿಗೆ ದುಬಾರಿ ಕಾರ್ಡ್ ಹಾಕಿದರೆ ಅದರ ಅರ್ಧ ಶಕ್ತಿ ಬಳಕೆಗೇ ಬರುವುದಿಲ್ಲ.

ಕೊಳ್ಳುವ ಮುಂಚೆ ಟೇಪು ಹಿಡಿಯಿರಿ. ಇದು ನನ್ನ ಸ್ವಂತ ಅನುಭವ. ಆರ್‌ಎಕ್ಸ್ 6600 ತಗೊಂಡಾಗ ಮೂರು ಫ್ಯಾನಿನ ಮಾದರಿ ಚೆಂದ ಕಂಡಿತು ಅಂತ ಅದನ್ನೇ ತಂದೆ. ಮನೆಗೆ ಬಂದು ನೋಡಿದರೆ ಹಾರ್ಡ್ ಡಿಸ್ಕಿನ ಗೂಡಿಗೆ ಒಂದೂವರೆ ಬೆರಳಿನಷ್ಟು ತಾಗುತ್ತಿತ್ತು. ಅಂಗಡಿಯವರು ಬಾಕ್ಸ್ ಒಡೆದಿದ್ದೀರಿ, ವಾಪಸ್ ಇಲ್ಲ ಅಂದರು. ಕೊನೆಗೆ ಗೂಡಿನ ರಿವೆಟ್‌ಗಳನ್ನು ಡ್ರಿಲ್ ಮಾಡಿ ಕಿತ್ತೆ. ಹಾರ್ಡ್ ಡಿಸ್ಕ್ ಈಗಲೂ ಡಬಲ್ ಟೇಪಿನಲ್ಲಿ ಕ್ಯಾಬಿನೆಟ್ಟಿನ ನೆಲಕ್ಕೆ ಅಂಟಿಕೊಂಡಿದೆ.

ಎರಡನೆಯದು, ಮಾನಿಟರಿನ ವೈರ್. ಹಳೆ ಮಾನಿಟರ್ ಬರೀ ನೀಲಿ ತುದಿಯ ವಿಜಿಎ ಇದ್ದರೆ ಈಗಿನ ಕಾರ್ಡುಗಳಲ್ಲಿ ಅದಕ್ಕೆ ಜಾಗವಿಲ್ಲ. ಡಿವಿಐ ಕೂಡ ಹೋಗಿದೆ. ಪರಿವರ್ತಕ ಬೇಕಾಗುತ್ತದೆ.

ಮೂರನೆಯದು ತುಂಬಾ ಜನಕ್ಕೆ ಗೊತ್ತಿಲ್ಲ. ಕಡಿಮೆ ಬೆಲೆಯ ಕೆಲವು ಕಾರ್ಡುಗಳು ಬೋರ್ಡಿನ ಜೊತೆ ಮಾತಾಡುವ ದಾರಿಯನ್ನು ಕಿರಿದಾಗಿಸಿಕೊಂಡಿವೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್ (ಆ ದಾರಿಯ ಸಾಲು). ಹೊಸ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಆ ದಾರಿಯ ಹಳೆ ತಲೆಮಾರಾದ ಪಿಸಿಐ ಎಕ್ಸ್‌ಪ್ರೆಸ್ 3 ಇರುವ 2017ರ ಬೋರ್ಡಿನಲ್ಲಿ ಏದುಸಿರು ಬಿಡುತ್ತದೆ, ಮೆಮೊರಿ ಬೇರೆ ನಾಲ್ಕೇ ಜಿಬಿ. ಹಳೆ ಪಿಸಿಗೆ ಅಗ್ಗದ ಕಾರ್ಡ್ ಅಂತ ಅದನ್ನು ಕೊಳ್ಳುವವರೇ ಹಳೆ ಬೋರ್ಡಿನವರು, ಅದೇ ವಿಪರ್ಯಾಸ. ಎಂಟು ಲೇನಿನ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಅಷ್ಟು ಕಷ್ಟ ಪಡುವುದಿಲ್ಲ. ಹದಿನಾರು ಲೇನ್, 12 ಜಿಬಿ ಇರುವ ಆರ್‌ಟಿಎಕ್ಸ್ 3060 ಹಳೆ ಬೋರ್ಡಿಗೆ ಇನ್ನೂ ಒಳ್ಳೆ ಜೋಡಿ.

ಎಸ್‌ಎಂಪಿಎಸ್ ಹಳೇದೇ ನಡೆಯುತ್ತಾ?

ಹೆಸರು ಕೇಳದ ಕಂಪನಿಯ "450 ವ್ಯಾಟ್" ಅಂತ ಸ್ಟಿಕ್ಕರ್ ಇರುವ, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದಷ್ಟು ಹಗುರ ಇರುವ ಎಸ್‌ಎಂಪಿಎಸ್ ಆದರೆ, ಮೊದಲು ಅದನ್ನು ತೆಗೆಯಿರಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದಂತೂ ಬೇಡವೇ ಬೇಡ. ಅದು ಸಾಯುವಾಗ ಒಂಟಿಯಾಗಿ ಸಾಯದೆ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಕರೆಂಟ್ ಹೋಗಿ ಬಂದು ಮಾಡುವ ನಮ್ಮೂರುಗಳಲ್ಲಿ ಉಳಿತಾಯ ಮಾಡಬಾರದ ಭಾಗ ಇದೊಂದೇ.

ಒಳ್ಳೆ ಕಂಪನಿಯದಾಗಿದ್ದು ಏಳೆಂಟು ವರ್ಷ ಆಗಿದ್ದರೆ, ವಾರಂಟಿ ಎಷ್ಟು ವರ್ಷದ್ದು ಅಂತ ನೋಡಿ. ಅದು ಮುಗಿದಿದ್ದರೆ ಹೊಸ ಕಾರ್ಡಿನ ಜೊತೆ ಇದರ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ. ಜಿಟಿಎಕ್ಸ್ 1060 ಎಳೆಯುವುದು 120 ವ್ಯಾಟ್, ಆರ್‌ಎಕ್ಸ್ 6600 132, ಆರ್‌ಟಿಎಕ್ಸ್ 3060 170. ಇಷ್ಟಕ್ಕೆ ಒಳ್ಳೆಯ 550 ವ್ಯಾಟ್ ಧಾರಾಳ. ಯುಪಿಎಸ್ ಮರೆಯಬೇಡಿ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ತಾಳುತ್ತದೆ. ಆಟದ ಮಧ್ಯೆ ಕರೆಂಟ್ ಹೋದ ಕೂಡಲೇ ಅದು ಕಿರುಚಿ ಪಿಸಿಯನ್ನೂ ಮಲಗಿಸಿದರೆ ತಪ್ಪು ಕಾರ್ಡಿನದ್ದಲ್ಲ.

ಪ್ರೊಸೆಸರ್ ಮಾತ್ರ ಬದಲಿಸಬಹುದಾ?

ಇಲ್ಲಿ ಅದೃಷ್ಟದ ಆಟ ಇದೆ. 2017ರಲ್ಲಿ ಎಎಂಡಿ ರೈಜೆನ್ ತಗೊಂಡವರು ಗೆದ್ದರು, ಇಂಟೆಲ್ ತಗೊಂಡ ನನ್ನಂಥವರು ಸೋತೆವು.

ಎಎಂ4 ಅನ್ನುವ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಎಎಂಡಿ ಬೋರ್ಡ್ ಇದ್ದರೆ, ಅದು ಹಳೆ ಬಿ350 ಆಗಿದ್ದರೂ, ಬಯಾಸ್ ಅಪ್‌ಡೇಟ್ ಮಾಡಿ ರೈಜೆನ್ 5 5600 ಹಾಕಬಹುದು. 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಕೂಡ ಅದೇ ಸಾಕೆಟ್ಟಿಗೆ ಕೂರುತ್ತದೆ. ರ‍್ಯಾಮ್ ಅದೇ, ಬೋರ್ಡ್ ಅದೇ. ಇಷ್ಟು ಲಾಭದ ಅಪ್‌ಗ್ರೇಡ್ ನಾನು ಬೇರೆ ನೋಡಿಲ್ಲ. ಒಂದೇ ಎಚ್ಚರ. ಬಯಾಸ್ ಅಪ್‌ಡೇಟನ್ನು ಹಳೆ ಪ್ರೊಸೆಸರ್ ಕೂತಿರುವಾಗಲೇ, ಯುಪಿಎಸ್ ಹಾಕಿಕೊಂಡು ಮಾಡಿ. ಬೋರ್ಡ್ ಕಂಪನಿಯ ಪುಟದಲ್ಲಿ ನಿಮ್ಮದೇ ಮಾದರಿಯ ಹೆಸರಿನ ಕೆಳಗೆ ಆ ಪ್ರೊಸೆಸರ್ ಇದೆಯಾ ಅಂತ ಮೊದಲು ನೋಡಿ.

ಇಂಟೆಲ್ ಕಥೆ ಬೇರೆ. 7ನೇ ತಲೆಮಾರಿಗೂ 8ನೇ ತಲೆಮಾರಿಗೂ ಸಾಕೆಟ್ಟಿನ ಹೆಸರು ಒಂದೇ, 1151. ಪಿನ್ನುಗಳೂ ಅಷ್ಟೇ. ಆದರೆ 2017ರ ಅಕ್ಟೋಬರಿನಲ್ಲಿ ಆರು ಕೋರಿನ 8ನೇ ತಲೆಮಾರು ಬಂದಾಗ ಅದಕ್ಕೆ 300 ಸರಣಿಯ ಹೊಸ ಬೋರ್ಡೇ ಬೇಕು ಅಂದರು. ಹಳೆ ಬೋರ್ಡಿಗೆ ಸಿಗುವ ದೊಡ್ಡ ಚಿಪ್ ಅಂದರೆ ಐ7-7700 ಅಥವಾ 7700ಕೆ. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕರೆ ಸರಿ, ಎಂಟು ಥ್ರೆಡ್ ಸಿಗುತ್ತದೆ. ಜಾಸ್ತಿ ಕೊಡಬೇಡಿ. ಅದು ಕೊನೇ ನಿಲ್ದಾಣ, ಮುಂದೆ ದಾರಿ ಇಲ್ಲ.

ಬೋರ್ಡೇ ಬದಲಿಸಬೇಕು ಅಂತ ಆದರೆ?

ಆಗ ಅದನ್ನು ಅಪ್‌ಗ್ರೇಡ್ ಅನ್ನುವುದು ಬಿಡಿ. ನೀವು ಹೊಸ ಪಿಸಿ ಕೊಳ್ಳುತ್ತಿದ್ದೀರಿ, ಕೆಲವು ಹಳೆ ಭಾಗ ಉಳಿಸಿಕೊಳ್ಳುತ್ತಿದ್ದೀರಿ. ಈ ಗೆರೆ ಮನಸ್ಸಿನಲ್ಲಿ ಸ್ಪಷ್ಟ ಇದ್ದರೆ ಲೆಕ್ಕ ತಪ್ಪುವುದಿಲ್ಲ. "ಬರೀ ಪ್ರೊಸೆಸರ್" ಅಂತ ಹೊರಟವರು ಬೋರ್ಡ್, ಬೋರ್ಡಿಗಾಗಿ ರ‍್ಯಾಮ್, ರ‍್ಯಾಮಿನ ಜೊತೆ ಕೂಲರ್, ಇಷ್ಟಕ್ಕೆಲ್ಲ ಎಸ್‌ಎಂಪಿಎಸ್ ಅಂತ ಒಂದೊಂದೇ ಮೆಟ್ಟಿಲು ಇಳಿದು ಹೋಗುತ್ತಾರೆ.

ಒಂದೇ ಕಾಗದದಲ್ಲಿ ಎರಡು ಕಾಲಂ ಮಾಡಿ. ಎಡಗಡೆ ಹಳೇದಕ್ಕೆ ಹಾಕಬೇಕಾದ ಎಲ್ಲ ದುಡ್ಡು, ಬಲಗಡೆ ಪೂರ್ತಿ ಹೊಸ ಪಿಸಿಯ ದುಡ್ಡು, ಹಳೇದನ್ನು ಮಾರಿದರೆ ಬರುವುದನ್ನು ಕಳೆದು. ಎಡಗಡೆಯದು ಬಲಗಡೆಯ ಅರ್ಧ ದಾಟಿದರೆ ನಾನು ಹೊಸದರ ಕಡೆ ವಾಲುತ್ತೇನೆ. ಇದು ಶಾಸ್ತ್ರ ಏನಲ್ಲ, ನನ್ನ ಜೇಬಿನ ಅಂದಾಜು.

ಈಗಿನ ರ‍್ಯಾಮ್ ಬೆಲೆಯಲ್ಲಿ ಒಂದು ಉಪಾಯ ಇದೆ. ಎಎಂಡಿಯ ಹೊಸ ಎಎಂ5 ಬೋರ್ಡುಗಳಿಗೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಮಾತ್ರ ಹೋಗುತ್ತದೆ, ಹಳೆ ರ‍್ಯಾಮ್ ದಂಡ. ಆದರೆ ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್ ಕೂರುವ ಬಿ660, ಬಿ760 ಬೋರ್ಡುಗಳಲ್ಲಿ ಡಿಡಿಆರ್4 ತಗೊಳ್ಳುವವೂ ಇವೆ. ನಾನು ಮಾಡಿದ್ದು ಅದನ್ನೇ. 2023ರಲ್ಲಿ ಐ5-12400ಎಫ್ ಮತ್ತು ಡಿಡಿಆರ್4 ಬೋರ್ಡ್ ತಂದು, ನನ್ನ 2400ರ ಹಳೆ ಪಟ್ಟಿಗಳನ್ನೇ ಚುಚ್ಚಿದೆ. ಆರು ಕೋರ್, ಹನ್ನೆರಡು ಥ್ರೆಡ್. 1060 ಕಾರ್ಡ್ ಅದರ ಜೊತೆ ಇನ್ನೊಂದು ವರ್ಷ ದುಡಿಯಿತು. ಜನಜಂಗುಳಿಯಲ್ಲಿ ಕುಲುಕುವುದು ಅವತ್ತೇ ನಿಂತಿತು. ಹೆಸರಿನ ಕೊನೆಯಲ್ಲಿ ಎಫ್ ಇರುವ ಪ್ರೊಸೆಸರಿನಲ್ಲಿ ಒಳಗಡೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಕೈಕೊಟ್ಟರೆ ಸ್ಕ್ರೀನೇ ಬರುವುದಿಲ್ಲ, ನೆನಪಿರಲಿ.

ವಿಂಡೋಸ್ 10 ಮುಗೀತಲ್ಲ, ಅದಕ್ಕಾದರೂ ಹೊಸ ಪಿಸಿ ಬೇಕಲ್ವಾ?

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತೆಯ ಅಪ್‌ಡೇಟ್‌ಗಳು ಮಾತ್ರ 2026ರ ಅಕ್ಟೋಬರ್ ತನಕ ಬರುತ್ತವೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಕೀಲಿ ಕಾಯುವ ವ್ಯವಸ್ಥೆ), ಸೆಕ್ಯೂರ್ ಬೂಟ್ (ಪಿಸಿ ಏಳುವಾಗಲೇ ತಂತ್ರಾಂಶ ಅಸಲಿಯಾ ಅಂತ ನೋಡುವ ಸೌಲಭ್ಯ) ಬೇಕು. ಇಂಟೆಲ್ ಆದರೆ 8ನೇ ತಲೆಮಾರು, ರೈಜೆನ್ ಆದರೆ 2000 ಸರಣಿಯಿಂದ ಮೇಲಿನದು. ಎಷ್ಟೋ ಬೋರ್ಡುಗಳಲ್ಲಿ ಟಿಪಿಎಂ ಇದ್ದೂ ಬಯಾಸಿನಲ್ಲಿ ಆಫ್ ಆಗಿರುತ್ತದೆ. ಇಂಟೆಲಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನುವ ಹೆಸರಿನಲ್ಲಿ ಹುಡುಕಿ.

ಅಡ್ಡದಾರಿಯಲ್ಲಿ 11 ಹಾಕಬಹುದು, ಹಾಕಿದವರೂ ಇದ್ದಾರೆ. ಆದರೆ ಟಿಪಿಎಂ, ಸೆಕ್ಯೂರ್ ಬೂಟ್ ಇಲ್ಲದೆ ಹಾಕಿದರೆ ವ್ಯಾಲರಂಟ್ ಆಡುವವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ವಿಂಡೋಸ್ 11ರಲ್ಲಿ ಆ ಆಟದ ಮೋಸ ತಡೆಯುವ ಕಾವಲುಗಾರ ತಂತ್ರಾಂಶ ಟಿಪಿಎಂ, ಸೆಕ್ಯೂರ್ ಬೂಟ್ ಎರಡನ್ನೂ ಕೇಳುತ್ತದೆ. ಒಂಟಿಯಾಗಿ ಆಡುವ ಆಟಗಳೇ ಜಾಸ್ತಿ ಇದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿ ನೋಡಿ. ಸ್ಟೀಮಿನ ಪ್ರೋಟಾನ್ ತಂತ್ರಾಂಶದಿಂದ ಬಹಳಷ್ಟು ವಿಂಡೋಸ್ ಆಟಗಳು ಅಲ್ಲೂ ಓಡುತ್ತವೆ. ವ್ಯಾಲರಂಟ್ ಓಡುವುದಿಲ್ಲ.

ಜಿಟಿಎಕ್ಸ್ 10 ಸರಣಿಗೆ ಡ್ರೈವರ್ ನಿಲ್ಲಿಸಿದರಂತೆ, ಕಾರ್ಡ್ ಸತ್ತುಹೋಗುತ್ತಾ?

ಇಲ್ಲ. 900 ಮತ್ತು 10 ಸರಣಿಗಳಿಗೆ ಹೊಸ ಆಟಗಳಿಗೆಂದು ಬರುವ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶ) ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. ಭದ್ರತೆಯ ಅಪ್‌ಡೇಟ್ ಮೂರು ತಿಂಗಳಿಗೊಮ್ಮೆ 2028ರ ಅಕ್ಟೋಬರ್ ತನಕ ಬರುತ್ತದೆ. ಇವತ್ತು ಓಡುತ್ತಿರುವ ಆಟ ನಾಳೆಯೂ ಓಡುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೋಬಹುದಾ?

ತಗೊಳ್ಳಿ, ಆದರೆ ಓಡಿಸಿ ನೋಡದೆ ದುಡ್ಡು ಕೊಡಬೇಡಿ. "ಮೈನಿಂಗಿಗೆ ಬಳಸಿದ್ದಾ?", ಅಂದರೆ ಡಿಜಿಟಲ್ ನಾಣ್ಯ ಗಳಿಸಲು ಓಡಿಸಿದ್ದಾ, ಅಂತ ಎಲ್ಲರೂ ಕೇಳುತ್ತಾರೆ, ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಅನ್ನುವ ಅಂಥ ನಾಣ್ಯ ತನ್ನ ಪದ್ಧತಿ ಬದಲಿಸಿದ ಮೇಲೆ ಕಾರ್ಡುಗಳಲ್ಲಿ ಅದನ್ನು ಮೈನ್ ಮಾಡುವುದು ನಿಂತಿತು. ಅಂಥ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೇನಲ್ಲ. ಫ್ಯಾನ್ ಮತ್ತು ಪೇಸ್ಟ್ ಮಾತ್ರ ಸವೆದಿರಬಹುದು.

ನಕಲಿ ಅದಕ್ಕಿಂತ ಅಪಾಯ. ಹತ್ತು ವರ್ಷಕ್ಕೂ ಹಳೆಯ ಚಿಪ್ಪಿಗೆ ಬೇರೆ ಬಯಾಸ್ ಬರೆದು "ಜಿಟಿಎಕ್ಸ್ 1050 ಟಿಐ" ಅಂತ ಮಾರುವವರಿದ್ದಾರೆ. ವಿಂಡೋಸ್ ಕೂಡ ಅದನ್ನು 1050 ಟಿಐ ಅಂತಲೇ ತೋರಿಸುತ್ತದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ತೆರೆದು ನೋಡಿ, ನಕಲಿ ಇದ್ದರೆ ಸಾಮಾನ್ಯವಾಗಿ ಹೆಸರಿನ ಶುರುವಿನಲ್ಲೇ ಅದು "ಫೇಕ್" ಅಂತ ಬರೆದಿರುತ್ತದೆ. ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ತಂತ್ರಾಂಶ ಹದಿನೈದು ನಿಮಿಷ ಓಡಿಸಿ. ಸ್ಕ್ರೀನಿನಲ್ಲಿ ಬಣ್ಣದ ಚುಕ್ಕೆ ಕುಣಿದರೆ, ಫ್ಯಾನಿನಿಂದ ಹಳೆ ಮಿಕ್ಸಿಯ ಸದ್ದು ಬಂದರೆ, ನಮಸ್ಕಾರ ಹೇಳಿ ಎದ್ದುಬನ್ನಿ. ಬಿಲ್ ಕೇಳಿ. ಕೆಲವು ಕಂಪನಿಗಳ ವಾರಂಟಿ ಸೀರಿಯಲ್ ನಂಬರಿನ ಮೇಲೆ ನಡೆಯುತ್ತದೆ, ಕೆಲವರು ಮೊದಲ ಬಿಲ್ ಇಲ್ಲದಿದ್ದರೆ ಮುಟ್ಟುವುದಿಲ್ಲ.

ಎಸ್‌ಪಿ ರೋಡಾ, ಆನ್‌ಲೈನಾ?

ಬೆಂಗಳೂರಿಗೆ ಹೋಗುವ ಕೆಲಸ ಇದ್ದರೆ ಎಸ್‌ಪಿ ರೋಡಿಗೆ ಒಮ್ಮೆ ಹೋಗಿ. ಪೂರ್ತಿ ಹೆಸರು ಸಾದರ್ ಪತ್ರಪ್ಪ ರಸ್ತೆ, ಹೇಳುವವರು ಕಡಿಮೆ. ಹೋಗುವ ಮುಂಚೆ ಆನ್‌ಲೈನ್ ಬೆಲೆ ಬರೆದುಕೊಂಡು ಹೋಗಿ. ಕನಿಷ್ಠ ನಾಲ್ಕು ಅಂಗಡಿ ಕೇಳಿ. "ಬಿಲ್ ಬೇಡ ಅಂದ್ರೆ ಕಡಿಮೆ ಆಗುತ್ತೆ" ಅಂದರೆ ನಗುತ್ತಾ ಬಿಲ್ ಹಾಕಿಸಿ. 18 ಶೇಕಡ ಜಿಎಸ್‌ಟಿ ಉಳಿಸಲು ಹೋಗಿ ಮೂರು ವರ್ಷದ ವಾರಂಟಿ ಕಳಕೊಳ್ಳಬೇಡಿ. ಎದುರಿಗೇ ಬಾಕ್ಸ್ ಒಡೆಸಿ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಮಾನಿಟರ್ 60 ಹರ್ಟ್ಜ್‌ದು. ತೊಂದರೆ ಇದೆಯಾ?

ಅದು ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ, ಹಾಗಾಗಿ 60ಕ್ಕಿಂತ ಜಾಸ್ತಿ ಎಫ್‌ಪಿಎಸ್ ಪೂರ್ತಿಯಾಗಿ ಕಾಣುವುದೇ ಇಲ್ಲ. ನಿಮ್ಮ ಆಟಗಳಲ್ಲಿ ಈಗಾಗಲೇ 60 ಬರುತ್ತಿದ್ದರೆ ಕಾರ್ಡಿಗಿಂತ ಮೊದಲು ಮಾನಿಟರ್ ಯೋಚಿಸಿ. 144 ಹರ್ಟ್ಜ್ ತಂದವರು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದನ್ನು 144ಕ್ಕೆ ಬದಲಿಸುವುದನ್ನೇ ಮರೆಯುತ್ತಾರೆ. ನನ್ನ ಗೆಳೆಯ ಒಂಬತ್ತು ತಿಂಗಳು ಮರೆತಿದ್ದ.

ನನಗೆ ಇದೇನೂ ಗೊತ್ತಾಗಲ್ಲ. ಮಗ ಮಾತ್ರ "ಅಪ್ಪ, ಗ್ರಾಫಿಕ್ಸ್ ಕಾರ್ಡ್ ಬೇಕು" ಅಂತ ಕೂತಿದ್ದಾನೆ.

ಮಗನಿಗೆ ಒಂದು ಕೆಲಸ ಕೊಡಿ. ಆಟದ ಮಧ್ಯೆ ಕಾರ್ಡ್ ಎಷ್ಟು ಶೇಕಡ ದುಡಿಯುತ್ತಿದೆ, ಪ್ರೊಸೆಸರ್ ಎಷ್ಟು, ಬಿಸಿ ಎಷ್ಟು, ಮೂರೂ ಕಾಣುವ ಒಂದು ಫೋಟೋ ತೆಗೆದು ತೋರಿಸು ಅನ್ನಿ. ಕಾರ್ಡ್ 95 ಶೇಕಡ ದಾಟಿದ್ದರೆ ಅವನು ಕೇಳುತ್ತಿರುವುದರಲ್ಲಿ ಅರ್ಥ ಇದೆ. 50-60 ಇದ್ದರೆ ಕಾರ್ಡ್ ಬದಲಿಸಿ ಪ್ರಯೋಜನ ಇಲ್ಲ. ಆ ಫೋಟೋ ತರಲು ಎರಡು ವಾರ ತಗೊಂಡರೆ ಕಾರ್ಡ್ ಅಷ್ಟೇನೂ ಅರ್ಜೆಂಟ್ ಇಲ್ಲ.

ಇನ್ನು ಆರು ತಿಂಗಳು ಕಾದರೆ ಬೆಲೆ ಇಳಿಯುತ್ತಾ?

ಮೊದಲೆಲ್ಲ ಧೈರ್ಯವಾಗಿ "ಕಾಯಿರಿ" ಅನ್ನುತ್ತಿದ್ದೆ. 2021ರಲ್ಲಿ ಕಾರ್ಡಿನ ಬೆಲೆ, ಈಗ ರ‍್ಯಾಮಿನ ಬೆಲೆ ನೋಡಿದ ಮೇಲೆ ಭವಿಷ್ಯ ಹೇಳುವುದು ಬಿಟ್ಟಿದ್ದೇನೆ. ಆಡಬೇಕಾದ ಆಟ ಈಗಲೇ ಇದ್ದು, ಈಗಿನ ಪಿಸಿಯಲ್ಲಿ ಅದು ಆಗುವುದೇ ಇಲ್ಲ ಅಂದರೆ ಕೊಳ್ಳಿ. ಮುಂದೆಂದೋ ಬರುವ ಆಟಕ್ಕಾಗಿ ಈಗ ಕೊಳ್ಳಬೇಡಿ. ಆ ಆಟ ಬರುವ ಹೊತ್ತಿಗೆ ಕಾರ್ಡಿನ ವಾರಂಟಿ ಅರ್ಧ ಮುಗಿದಿರುತ್ತದೆ.

ತೆಗೆದ ಹಳೆ ಭಾಗಗಳನ್ನು ಏನು ಮಾಡಲಿ?

ಕಾರ್ಡನ್ನು ಬೇಗ ಮಾರಿ. ಕಪಾಟಿನಲ್ಲಿಟ್ಟ ಒಂದೊಂದು ತಿಂಗಳೂ ನಷ್ಟವೇ. ಡಿಡಿಆರ್4 ರ‍್ಯಾಮನ್ನು ಮಾತ್ರ ಸದ್ಯ ಇಟ್ಟುಕೊಳ್ಳಿ. ನನ್ನ 1060 ಸಾಗರಕ್ಕೆ ಹೋಗಿ ಅಕ್ಕನ ಮಗನ ಪಿಸಿ ಸೇರಿತು. 7400 ಮತ್ತು ಅದರ ಬೋರ್ಡ್ ಅಪ್ಪನ ಟೇಬಲ್ ಮೇಲಿದೆ. ಅದರ ಒಳಗೇ ಗ್ರಾಫಿಕ್ಸ್ ಇರುವುದರಿಂದ ಕಾರ್ಡ್ ಬೇಕಿಲ್ಲ. ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದೇನೆ, ಅಪ್ಪ ಯಕ್ಷಗಾನ ನೋಡುತ್ತಾರೆ, ಚೆಸ್ ಆಡುತ್ತಾರೆ. ಡಬ್ಬದ ಮೇಲೆ ಪ್ರತಿ ಆಯುಧಪೂಜೆಯ ಕುಂಕುಮ ಒಂದರ ಮೇಲೊಂದು ಕೂತಿದೆ.

ಹಾರ್ಡ್ ಡಿಸ್ಕ್ ಕೊಡುವ ಮುಂಚೆ ಪೂರ್ತಿ ಅಳಿಸಿ. ಬರೀ ಡಿಲೀಟ್ ಮಾಡಿದರೆ ಫೈಲುಗಳನ್ನು ಮತ್ತೆ ಎಬ್ಬಿಸಬಹುದು, ಕ್ವಿಕ್ ಬಿಟ್ಟು ಪೂರ್ಣ ಫಾರ್ಮ್ಯಾಟ್ ಮಾಡಿ. ಸತ್ತ ಬೋರ್ಡು, ಊದಿದ ಯುಪಿಎಸ್ ಬ್ಯಾಟರಿ ಕಸದ ಗಾಡಿಗೆ ಹಾಕಬೇಡಿ. ಯುಪಿಎಸ್ ಬ್ಯಾಟರಿಯಲ್ಲಿ ಸೀಸ ಇರುತ್ತದೆ. ಹೊಸ ಬ್ಯಾಟರಿ ತರುವಾಗ ಹಳೇದನ್ನು ಅದೇ ಅಂಗಡಿಗೆ ಒಯ್ಯಿರಿ, ಸಾಮಾನ್ಯವಾಗಿ ಒಂದಿಷ್ಟು ದುಡ್ಡು ಕಡಿಮೆ ಮಾಡುತ್ತಾರೆ.